ಒಲೆಗಳ ಲೆಕ್ಕ

ತೆರಿಗೆಯ ಪಟ್ಟಿಯನ್ನು ಯಾರೂ ಸಂತೋಷಕ್ಕಾಗಿ ಓದುವುದಿಲ್ಲ. ಆದರೆ ಕೀತ್ ರೈಟ್‌ಸನ್ ಮತ್ತು ಡೇವಿಡ್ ಲೆವಿನ್ 1979ರಲ್ಲಿ ಪ್ರಕಟಿಸಿದ ‘ಪಾವರ್ಟಿ ಅಂಡ್ ಪೈಯಟಿ ಇನ್ ಆ್ಯನ್ ಇಂಗ್ಲಿಷ್ ವಿಲೇಜ್’ ಎಂಬ ಗ್ರಂಥವನ್ನು ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತದ್ದು ಅಂಥದೊಂದು ಪಟ್ಟಿಯೇ. ಎಸೆಕ್ಸ್ ಪ್ರಾಂತದ ಟರ್ಲಿಂಗ್ ಎಂಬ ಹಳ್ಳಿಯ 1525ರಿಂದ 1700ರವರೆಗಿನ ಚರಿತ್ರೆ ಈ ಗ್ರಂಥದ ವಸ್ತು.

ಎರಡನೆಯ ಚಾರ್ಲ್ಸನ ಕಾಲದಲ್ಲಿ, 1662ರಲ್ಲಿ, ಇಂಗ್ಲೆಂಡಿನಲ್ಲಿ ಒಲೆಯ ತೆರಿಗೆ ಬಂದಿತು. ಒಲೆಯೊಂದಕ್ಕೆ ವರ್ಷಕ್ಕೆ 2 ಷಿಲಿಂಗು, ಎರಡು ಕಂತು. ಎಣಿಸುವವನು ಮನೆಯೊಳಗೇ ಕಾಲಿಡುತ್ತಿದ್ದನು. ಜನರ ಶಾಪಕ್ಕೆ ಗುರಿಯಾದ ಈ ತೆರಿಗೆ 1689ರಲ್ಲಿ ರದ್ದಾಯಿತು.

1671ರ ಪಟ್ಟಿಯಲ್ಲಿ ಟರ್ಲಿಂಗಿನ 122 ಮನೆಗಳಿವೆ. ಆರಕ್ಕೆ ಕಡಮೆಯಿಲ್ಲದ ಒಲೆಗಳುಳ್ಳ ಸಿರಿವಂತರು ಮೇಲಿನ ಮೆಟ್ಟಿಲಲ್ಲಿ. ಒಂದೇ ಒಲೆಯವರೂ ವಿನಾಯಿತಿ ಪಡೆದ ಬಡವರೂ ಕೆಳಗಿನ ಮೆಟ್ಟಿಲಲ್ಲಿ. ಊರಿನ ಸುಮಾರು ಅರ್ಧ ಮನೆಗಳು ಈ ಕೊನೆಯ ಮೆಟ್ಟಿಲಿನವು. ಒಲೆಗಳ ಸಂಖ್ಯೆ ಮನೆಯ ಅಳತೆಯನ್ನು ಹೇಳೀತು, ಸಂಚಿಯ ಅಳತೆಯನ್ನಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಲೇಖಕರು ಇದನ್ನರಿತೇ ಪಟ್ಟಿಯ ಹೆಸರುಗಳನ್ನು ಉಯಿಲುಗಳೊಡನೆ, ಚರ್ಚಿನ ದಾಖಲೆಗಳೊಡನೆ ತಾಳೆ ನೋಡಿದ್ದಾರೆ. ಆ ಶ್ರಮ ನಿಜವಾಗಿ ಮೆಚ್ಚತಕ್ಕದ್ದು. ಆದರೂ ಪಟ್ಟಿ ಯಜಮಾನನನ್ನಷ್ಟೇ ಬಲ್ಲದು. ಒಲೆ ಹೊತ್ತಿಸುವ ಹೆಂಗಸು ವಿಧವೆಯಾದಾಗಲೇ ಅದಕ್ಕೆ ಕಾಣಿಸುತ್ತಾಳೆ.

ಅಕ್ಷರ ಬಲ್ಲ, ಪ್ಯೂರಿಟನ್ ನಿಷ್ಠೆಯ ಉಳ್ಳವರು ಬಡ ನೆರೆಯವರಿಂದ ದೂರವಾಗಿ, ಅವರ ಹೆಂಡದಂಗಡಿಯನ್ನೂ ನಡತೆಯನ್ನೂ ತಿದ್ದಹೊರಟರೆಂಬುದು ಗ್ರಂಥದ ವಾದ. ಬಡವರ ಮೇಲಿನ ಇಂಥ ಬಿಗಿ ಪ್ಯೂರಿಟನ್ನರಿಗಿಂತ ಬಹು ಹಿಂದೆಯೂ ಇತ್ತೆಂದು ಮಾರ್ಗರೆಟ್ ಸ್ಪಫರ್ಡ್ ಆಕ್ಷೇಪಿಸಿದರು. 1995ರ ಮರುಮುದ್ರಣಕ್ಕೆ ರೈಟ್‌ಸನ್ ಬರೆದ ಹಿನ್ನುಡಿಯನ್ನು ಈ ಚರ್ಚೆಯೊಡನೆಯೇ ಓದಬೇಕು.

ನನ್ನ ಅತೃಪ್ತಿ ಬೇರೆ. ಬಡವನಿಗೆ ವಿನಾಯಿತಿ ತಾನಾಗಿ ದೊರೆಯುತ್ತಿರಲಿಲ್ಲ. ಪಾದ್ರಿಯೂ ಊರಿನ ಪಾರುಪತ್ಯಗಾರರೂ ರುಜು ಹಾಕಿದ ಪ್ರಮಾಣಪತ್ರ ಬೇಕಿತ್ತು. ಎರಡು ಷಿಲಿಂಗು ಉಳಿಯಬೇಕಾದರೆ ತಾನು ಬಡವನೆಂದು ನೆರೆಯವನ ಕೈಯಲ್ಲೇ ಬರೆಸಿಕೊಳ್ಳಬೇಕು! ಹಾಗಾದರೆ ಈ ಪಟ್ಟಿ ಊರು ಒಡೆದುದಕ್ಕೆ ಸಾಕ್ಷಿ ಮಾತ್ರವಲ್ಲ. ಒಡೆಯುವ ಕೆಲಸದಲ್ಲಿ ಅದೂ ಒಂದು ಕೈ. ಲೇಖಕರು ಅದನ್ನು ಅಳತೆಗೋಲಾಗಿ ಬಹಳ ಚೆನ್ನಾಗಿ ಬಳಸಿದ್ದಾರೆ. ಆ ಕೋಲನ್ನು ಹಿಡಿದ ಕೈಯನ್ನು ಇನ್ನಷ್ಟು ದಿಟ್ಟಿಸಿ ನೋಡಿದ್ದರೆ ಚೆನ್ನಾಗಿತ್ತು. ಇಷ್ಟಾದರೂ ಹಣದ ಲೆಕ್ಕದಿಂದ ಮನುಷ್ಯರ ಮುಖಗಳನ್ನು ಹೊರತೆಗೆದ ಗ್ರಂಥಗಳು ವಿರಳ. ಇದು ಅಂಥದು.