ಗ್ರಾಫ್‌ನ ಎಡತುದಿ ನೋಡಿ

ಹೋಮ್ ಥಿಯೇಟರ್ ರಿಸೀವರ್‌ನ ಪ್ರೀ-ಔಟ್ (ಹೊರಗಿನ ಪವರ್ ಆಂಪ್‌ಗೆ ಸಿಗ್ನಲ್ ಕೊಡುವ ಔಟ್‌ಪುಟ್) ಅಳೆಯಬೇಕಾದ್ದು 2 ವೋಲ್ಟ್‌ನಲ್ಲೋ 4 ವೋಲ್ಟ್‌ನಲ್ಲೋ ಎಂಬ ಜಗಳವನ್ನು ಈ ವಾರ ಮುಗಿಸುತ್ತೇನೆ ಎಂದಿದ್ದೆ. ಸಿಡಿ ಪ್ಲೇಯರ್‌ಗಳ ಕಾಲದಿಂದ ಆರ್‌ಸಿಎ ಔಟ್‌ಪುಟ್‌ಗೆ 2 ವೋಲ್ಟ್ ರೂಢಿ, ಎಕ್ಸ್‌ಎಲ್‌ಆರ್‌ಗೆ 4. ಆ ಒಂದು ವೋಲ್ಟೇಜ್‌ನಲ್ಲಿ ಸಿಕ್ಕ ಒಂದೇ ಸಿನಾಡ್ ಅಂಕಿ (ನಾಯ್ಸ್ ಮತ್ತು ಡಿಸ್ಟಾರ್ಷನ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ದೊಡ್ಡದು ಎಂಬ ಅಳತೆ) ಹಿಡಿದು ಯಂತ್ರಗಳಿಗೆ ರ‍್ಯಾಂಕ್ ಹಂಚುವ ಪಂಥದ ಮೇಲೆ ನನ್ನ ತಕರಾರು ಹಳೆಯದು.

ವೋಲ್ಟೇಜ್ ಏರಿಸುತ್ತ ಹೋಗಿ, ಪ್ರತಿ ಹಂತದ ಸಿನಾಡ್ ಅನ್ನು ಗ್ರಾಫ್‌ನಲ್ಲಿ ಗುರುತಿಸಿ. ತಗ್ಗಿನಲ್ಲಿ ನಾಯ್ಸ್‌ನದೇ ಆಳ್ವಿಕೆ. ಔಟ್‌ಪುಟ್ ಇಮ್ಮಡಿಯಾದಾಗಲೆಲ್ಲ ಸಿನಾಡ್ ಸುಮಾರು 6 ಡೆಸಿಬಲ್ ಮೇಲೇರುತ್ತದೆ. ಮುಂದೆ ಡಿಸ್ಟಾರ್ಷನ್ ತಲೆಯೆತ್ತಿ ಗೆರೆ ಕೆಳಗೆ ಬಾಗುತ್ತದೆ. ಕೆಲವು ರಿಸೀವರ್‌ಗಳಲ್ಲಿ ಈ ಬಾಗು ಬೇಗ ಬರುವುದು ಒಳಗಿನ ಪವರ್ ಆಂಪ್‌ನಿಂದ. ಅದೇ ಸಿಗ್ನಲ್ ಅದಕ್ಕೂ ಹೋಗಿ, ಅದು ಕ್ಲಿಪ್ ಆಗಿ, ಆ ಕಸ ಪ್ರೀ-ಔಟ್‌ಗೂ ಸೋರುತ್ತದೆ. ಡೆನಾನ್ ಕೆಲವು ಮಾದರಿಗಳಲ್ಲಿ ಒಳಗಿನ ಆಂಪ್ ಬಿಡಿಸಿಡುವ ಪ್ರೀಆಂಪ್ ಮೋಡ್ ಕೊಟ್ಟದ್ದು ಮೆಚ್ಚಬೇಕಾದ ಕೆಲಸ.

ಆದರೆ ಲೆಕ್ಕಕ್ಕೆ ಕೂತಾಗ 2, 4ರ ಜಗಳವೇ ಸಣ್ಣದೆನಿಸಿತು. ಸಿನಿಮಾ ಧ್ವನಿಯ ಮಾನದಂಡವಾದ ಟಿಎಚ್‌ಎಕ್ಸ್ ಹೇಳುವ ಪವರ್ ಆಂಪ್ ಗೇನ್ 29 ಡೆಸಿಬಲ್, ಅಂದರೆ ಸುಮಾರು 28 ಪಟ್ಟು. 8 ಓಮ್ ಸ್ಪೀಕರ್‌ಗೆ 100 ವಾಟ್ ಎಂದರೆ 28.3 ವೋಲ್ಟ್, ಅದಕ್ಕೆ ರಿಸೀವರ್‌ನಿಂದ 1 ವೋಲ್ಟ್ ಬಂದರೆ ಸಾಕು. 1 ವಾಟ್‌ಗೆ 2.83 ವೋಲ್ಟ್, ರಿಸೀವರ್‌ನಿಂದ 0.1. ಸಾಧಾರಣ ಕೋಣೆಯಲ್ಲಿ ಒಂದು ವಾಟ್ ಎಂದರೆ ಜೋರಾದ ಸದ್ದೇ. ಮಲ್ಲಿಕಾರ್ಜುನ ಮನ್ಸೂರರ ಆಲಾಪವನ್ನು ರಾತ್ರಿ ಹೊತ್ತು ಕೇಳುವಾಗ ಅಷ್ಟೂ ಬೇಡ. ತಂಬೂರದ ನಾದ ಕರಗುವ ಜಾಗದಲ್ಲಂತೂ ಮಿಲಿವೋಲ್ಟ್‌ಗಳ ಮಾತು.

ಈಗ 2 ವೋಲ್ಟ್‌ನಲ್ಲಿ 95 ಡೆಸಿಬಲ್ ಪಡೆದ ರಿಸೀವರ್ ಒಂದನ್ನು ತೆಗೆದುಕೊಳ್ಳಿ. ಅಲ್ಲಿ ನಾಯ್ಸೇ ಮುಖ್ಯವಾಗಿದ್ದು, ವಾಲ್ಯೂಮ್ ಇಳಿಸಿದರೂ ಅದು ಇಳಿಯದಿದ್ದರೆ 0.1 ವೋಲ್ಟ್‌ನಲ್ಲಿ ಉಳಿಯುವುದು 69. ವಾಲ್ಯೂಮ್ ಜೊತೆ ನಾಯ್ಸೂ ತಗ್ಗುವ ವಿನ್ಯಾಸವಾದರೆ ಕಥೆ ಬೇರೆ. ಇವೆರಡರಲ್ಲಿ ಯಾವುದು ಎಂಬುದನ್ನು 2 ವೋಲ್ಟ್‌ನ ಅಂಕಿ ಹೇಳುವುದಿಲ್ಲ, ಕೇಳುವವನಿಗೆ ಬೇಕಾದದ್ದು ಮಾತ್ರ ಅದೇ. ಸೂಕ್ಷ್ಮ ಹಾರ್ನ್ ಸ್ಪೀಕರ್ ಇಟ್ಟುಕೊಂಡವರಿಗೆ ಹಾಡು ನಿಂತ ಕೂಡಲೇ ಆ ಹಿಸ್ ಕಿವಿಗೆ ಬೀಳುತ್ತದೆ.

ವಿಮರ್ಶಕರು 0.05ರಿಂದ 4 ವೋಲ್ಟ್‌ವರೆಗಿನ ಪೂರ್ತಿ ಗೆರೆಯನ್ನು ಅಚ್ಚು ಹಾಕಲಿ. ಕೊಳ್ಳುವವರು ದುಡ್ಡು ಕೊಡುವ ಮೊದಲು ಅದರ ಎಡತುದಿ ನೋಡಿ.