ಜೆರಿಕೊವಿನ ಗೋಡೆಗಳು: ಎರಡು ಗ್ರಂಥಗಳ ಮರುಓದು

ಯೆಹೋಶುವನ ಗ್ರಂಥದ ಆರನೆಯ ಅಧ್ಯಾಯವನ್ನು ಬೋಧಿಸುವಾಗ ಗುರುಮಠದ ತರಗತಿಯಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ಏಳುತ್ತದೆ: ಗೋಡೆ ನಿಜವಾಗಿಯೂ ಬಿತ್ತೇ? ಕೇಳುವವರು ಬಹುಮಟ್ಟಿಗೆ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಕೆಲವರಿಗೆ ಗುದ್ದಲಿಯು ಬೈಬಲಿನ ಪರವಾಗಿ ಸಾಕ್ಷಿ ನುಡಿಯಬೇಕು. ಮತ್ತೆ ಕೆಲವರಿಗೆ ಅದು ಬೈಬಲನ್ನು ಸುಳ್ಳೆನ್ನಬೇಕು. ಈ ಎರಡು ನಿರೀಕ್ಷೆಗಳು ಬಲಗೊಂಡುದರಲ್ಲಿ ಎರಡು ಇಂಗ್ಲಿಷ್ ಗ್ರಂಥಗಳ ಪಾಲು ದೊಡ್ಡದು. ಜಾನ್ ಗಾರ್ಸ್ಟಾಂಗ್ ಅವರು ಜೆ. ಬಿ. ಇ. ಗಾರ್ಸ್ಟಾಂಗ್ ಅವರೊಡನೆ 1940ರಲ್ಲಿ ಪ್ರಕಟಿಸಿದ ‘ದ ಸ್ಟೋರಿ ಆಫ್ ಜೆರಿಕೊ’ ಮೊದಲನೆಯದು. ಕ್ಯಾಥ್ಲೀನ್ ಕೆನ್ಯನ್ ಅವರ ‘ಡಿಗಿಂಗ್ ಅಪ್ ಜೆರಿಕೊ’ (1957) ಎರಡನೆಯದು. ಒಂದೇ ದಿಬ್ಬವನ್ನು ಅಗೆದ ಇಬ್ಬರ ಈ ಗ್ರಂಥಗಳನ್ನು ಜೊತೆಯಾಗಿ ಓದಿದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ.

ಆ ದಿಬ್ಬದ ಹೆಸರು ತೆಲ್ ಎಸ್-ಸುಲ್ತಾನ್. ಜೋರ್ಡನ್ ಕಣಿವೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ, ಬತ್ತದ ಬುಗ್ಗೆಯೊಂದರ ಪಕ್ಕದಲ್ಲಿ ಅದು ಇದೆ. ಎಲೀಷನು ನೀರನ್ನು ಶುದ್ಧಗೊಳಿಸಿದ ಬುಗ್ಗೆ ಇದೇ ಎಂಬುದು ಪರಂಪರೆಯ ನಂಬಿಕೆ. 1868ರಲ್ಲಿ ಚಾರ್ಲ್ಸ್ ವಾರನ್ ಇಲ್ಲಿ ಅಗೆದರು. 1907ರಿಂದ ಸೆಲ್ಲಿನ್ ಮತ್ತು ವಾಟ್ಜಿಂಗರ್ ಉತ್ಖನನ ನಡೆಸಿದರು. 1930ರಿಂದ 1936ರವರೆಗೆ ಗಾರ್ಸ್ಟಾಂಗ್ ಅವರೂ, 1952ರಿಂದ 1958ರವರೆಗೆ ಕೆನ್ಯನ್ ಅವರೂ ಕೆಲಸಮಾಡಿದರು.

ಗಾರ್ಸ್ಟಾಂಗ್ ಅವರಿಗೆ ಕುಸಿದುಬಿದ್ದ, ಬೆಂಕಿಯ ಗುರುತುಗಳಿದ್ದ ಜೋಡಿಗೋಡೆ ಸಿಕ್ಕಿತು. ಕ್ರಿ.ಪೂ. 1400ರ ಸುಮಾರಿಗೆ ಯೆಹೋಶುವನ ಮುಂದೆ ಬಿದ್ದ ಗೋಡೆ ಇದೇ ಎಂದು ಅವರು ತೀರ್ಮಾನಿಸಿದರು. ಅವರು ಅಪ್ರಾಮಾಣಿಕರಾಗಿರಲಿಲ್ಲ, ಆದರೆ ಅವರ ಗ್ರಂಥದಲ್ಲಿ ಬೈಬಲಿನ ಕಥನವೇ ಕಾಲಪಟ್ಟಿಯಾಗಿ, ಮಣ್ಣು ಅದಕ್ಕೆ ಚಿತ್ರಗಳನ್ನು ಒದಗಿಸುವ ಕೆಲಸಕ್ಕೆ ಇಳಿಯುತ್ತದೆ. ಉತ್ಖನನಕ್ಕೆ ಹಣ ಒದಗಿಸಿದ ಸರ್ ಚಾರ್ಲ್ಸ್ ಮಾರ್ಸ್ಟನ್ ‘ದ ಬೈಬಲ್ ಈಸ್ ಟ್ರೂ’ ಎಂಬ ಗ್ರಂಥವನ್ನೇ ಬರೆದವರು ಎಂಬುದನ್ನೂ ಮರೆಯಲಾಗದು. ಬೈಬಲ್ ಸತ್ಯವೆಂಬ ವಿಶ್ವಾಸದಲ್ಲಿ ತಪ್ಪಿಲ್ಲ. ಆ ಸತ್ಯವನ್ನು ಹಸಿ ಇಟ್ಟಿಗೆಯ ಮೇಲೆ ನಿಲ್ಲಿಸಹೊರಟದ್ದೇ ತಪ್ಪು.

ತಮ್ಮ ಶೋಧಗಳನ್ನು ಪುನರ್ವಿಮರ್ಶಿಸುವಂತೆ ಕೆನ್ಯನ್ ಅವರನ್ನು ಕೇಳಿದವರು ಗಾರ್ಸ್ಟಾಂಗ್ ಅವರೇ. ವಿದ್ವಾಂಸನ ವಿನಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೆನ್ಯನ್ ಅವರು ಮಾರ್ಟಿಮರ್ ವ್ಹೀಲರ್ ಅವರ ಕೈಕೆಳಗೆ ಪಳಗಿದವರು. ಅದೇ ವ್ಹೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ದಕ್ಷಿಣ ಭಾರತದ ಪ್ರಾಚೀನ ಇತಿಹಾಸಕ್ಕೆ ಕಾಲಕ್ರಮ ಒದಗಿಸಿದರು. ಮಣ್ಣಿನ ಪದರ ಪದರವನ್ನೂ ಪ್ರತ್ಯೇಕವಾಗಿ ಗುರುತಿಸುವುದು, ಯಾವ ಮಡಕೆಯ ಚೂರು ಯಾವ ಪದರದಲ್ಲಿತ್ತೆಂದು ದಾಖಲಿಸುವುದು ಈ ವಿಧಾನದ ಜೀವಾಳ. ಹೀಗೆ ನೋಡಿದಾಗ ಗಾರ್ಸ್ಟಾಂಗ್ ಅವರ ಎರಡು ಗೋಡೆಗಳು ಒಂದೇ ಕಾಲದವಲ್ಲವೆಂದೂ, ಎರಡೂ ಕಂಚಿನ ಯುಗದ ಆದಿಭಾಗಕ್ಕೆ, ಎಂದರೆ ಯೆಹೋಶುವನಿಗಿಂತ ಸುಮಾರು ಸಾವಿರ ವರ್ಷ ಹಿಂದಕ್ಕೆ, ಸೇರಿದವೆಂದೂ ತಿಳಿದುಬಂತು. ನಂತರದ ಕೋಟೆನಗರವು ಕ್ರಿ.ಪೂ. 1550ರ ಸುಮಾರಿಗೆ ಸುಟ್ಟುಹೋಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿದ್ದುದು ಸಣ್ಣ ವಸತಿ ಮಾತ್ರ. ಅದಕ್ಕೆ ಸೇರಿದ ಗೋಡೆ ಸಿಗಲಿಲ್ಲ. ಬಹುಮಂದಿ ವಿದ್ವಾಂಸರು ಇಸ್ರಯೇಲರ ಆಗಮನವನ್ನು ಇರಿಸುವ ಹದಿಮೂರನೆಯ ಶತಮಾನದಲ್ಲಿ ಬೀಳಲು ಕೋಟೆಯೇ ಇರಲಿಲ್ಲ.

ಕೆನ್ಯನ್ ಅವರ ಗ್ರಂಥದಲ್ಲಿ ಯೆಹೋಶುವನ ಚರ್ಚೆಗೆ ದೊರೆತಿರುವುದು ಕೊನೆಯ ಭಾಗದ ಕೆಲವೇ ಪುಟಗಳು. ಅವರ ಉತ್ಸಾಹವೆಲ್ಲ ನವಶಿಲಾಯುಗದ ಜೆರಿಕೊವಿನತ್ತ ಹರಿದಿದೆ: ಕ್ರಿ.ಪೂ. 8000ದ ಸುಮಾರಿನ, ಎಂಟು ಮೀಟರಿಗೂ ಮಿಕ್ಕಿ ಎತ್ತರದ ಕಲ್ಲಿನ ಗೋಪುರ. ಗಾರೆ ಮೆತ್ತಿ, ಕಣ್ಣುಗಳ ಜಾಗದಲ್ಲಿ ಚಿಪ್ಪು ಕೂರಿಸಿದ ಪೂರ್ವಜರ ತಲೆಬುರುಡೆಗಳು. ಸತ್ತವರ ಮುಖವನ್ನು ಮರಳಿ ರೂಪಿಸಿದ ಆ ಕೈಗಳು ದೈವಶಾಸ್ತ್ರದ ವಿದ್ಯಾರ್ಥಿಯನ್ನು ಗೋಡೆಗಿಂತ ಹೆಚ್ಚು ಯೋಚನೆಗೆ ಹಚ್ಚಬೇಕು.

ಕೆನ್ಯನ್ ಅವರ ಮಾತೂ ವಿಮರ್ಶೆಗೆ ಹೊರತಲ್ಲ. ಅವರು ಸೈಪ್ರಸ್‌ನಿಂದ ಬಂದ ಮಡಕೆಗಳ ಅಭಾವಕ್ಕೆ ಅತಿಯಾದ ತೂಕ ಕೊಟ್ಟರು, ಸ್ಥಳೀಯ ಮಡಕೆಗಳನ್ನು ಕಡೆಗಣಿಸಿದರು ಎಂದು 1990ರಲ್ಲಿ ಬ್ರಯಂಟ್ ವುಡ್ ಆಕ್ಷೇಪಿಸಿ, ಗಾರ್ಸ್ಟಾಂಗ್ ಅವರ ಕಾಲನಿರ್ಣಯಕ್ಕೆ ಮರಳಿದರು. ಆಕ್ಷೇಪಣೆ ನ್ಯಾಯವಾದುದೇ. ಆದರೆ 1995ರಲ್ಲಿ ಪ್ರಕಟವಾದ, ಸುಟ್ಟ ಧಾನ್ಯದ ಇಂಗಾಲ ಪರೀಕ್ಷೆಯ ಫಲಿತಾಂಶವು ಆ ವಿನಾಶವನ್ನು ಹದಿನಾರನೆಯ ಶತಮಾನದ ಆಸುಪಾಸಿನಲ್ಲೇ ಇರಿಸಿತು. ಕೆನ್ಯನ್ ಅವರ ತೀರ್ಮಾನದ ತಿರುಳು ಉಳಿದಿದೆ.

ಹಾಗಾದರೆ ಆರನೆಯ ಅಧ್ಯಾಯ ಏನು? ಅದನ್ನು ಅದರದೇ ಸ್ವರದಲ್ಲಿ ಓದಿದರೆ ಯುದ್ಧದ ವರದಿಗಿಂತ ಹೆಚ್ಚಾಗಿ ಆರಾಧನಾವಿಧಿ ಕಾಣುತ್ತದೆ: ಏಳು ಯಾಜಕರು, ಏಳು ಕೊಂಬುಗಳು, ಏಳು ದಿನಗಳು, ನಡುವೆ ಮಂಜೂಷ. ನಾಡು ಶೌರ್ಯದಿಂದ ಗೆದ್ದುದಲ್ಲ, ಸರ್ವೇಶ್ವರನಿಂದ ಪಡೆದದ್ದು ಎಂಬುದೇ ಅದರ ಸಾಕ್ಷ್ಯ. ಪಾಳುಬಿದ್ದ ದಿಬ್ಬವನ್ನು ಕಣ್ಣೆದುರು ಕಂಡ ಒಂದು ಜನಾಂಗವು ತನ್ನ ವಿಶ್ವಾಸವನ್ನು ಆ ಮಣ್ಣಿನ ನೆನಪಿನಲ್ಲಿ ಹೇಳಿಕೊಂಡಿತು. ಮಾನವ ಲೇಖಕನ ಸಾಹಿತ್ಯಪ್ರಕಾರವನ್ನು ಗಮನಿಸಬೇಕೆಂದೂ, ಪವಿತ್ರ ಗ್ರಂಥವು ಬೋಧಿಸುವುದು ನಮ್ಮ ಉದ್ಧಾರಕ್ಕಾಗಿ ದೇವರು ಬಯಸಿದ ಸತ್ಯವನ್ನೆಂದೂ ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಮ್’ 1965ರಲ್ಲೇ ತಿಳಿಸಿದೆ.

ಇಲ್ಲಿಗೆ ನಿಲ್ಲಿಸುವುದು ಸುಲಭ. ಆದರೆ ಕಠಿಣವಾದುದು ಮುಂದಿದೆ. ಇಪ್ಪತ್ತೊಂದನೆಯ ವಚನದಲ್ಲಿ ಗಂಡಸರು, ಹೆಂಗಸರು, ಎಳೆಯರು, ಮುದುಕರು ಕತ್ತಿಗೆ ತುತ್ತಾಗುತ್ತಾರೆ. ಗೋಡೆ ಬಿದ್ದುದು ಶಬ್ದಶಃ ಇತಿಹಾಸವಾಗಲೇಬೇಕೆಂದು ಹಟ ಹಿಡಿಯುವವರು ಈ ಕಗ್ಗೊಲೆಯನ್ನೂ ಹಾಗೆಯೇ ಒಪ್ಪಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೆನ್ಯನ್ ಅವರನ್ನು ಮುಂದಿಟ್ಟು ‘ಅದು ನಡೆಯಲೇ ಇಲ್ಲ’ ಎಂದು ನಿಟ್ಟುಸಿರು ಬಿಡುವವರಿಗೂ ಬಿಡುಗಡೆಯಿಲ್ಲ. ನಡೆಯದಿದ್ದರೂ ಅದು ದೈವಾಜ್ಞೆಯೆಂದು ಬರೆಯಲ್ಪಟ್ಟಿದೆ, ನಾವು ಅದನ್ನು ಪವಿತ್ರ ಗ್ರಂಥವೆಂದು ಮುತ್ತಿಡುತ್ತೇವೆ. ಮೂರನೆಯ ಶತಮಾನದ ಒರಿಜೆನರು ಆ ಕೊಂಬುಗಳಲ್ಲಿ ಪ್ರೇಷಿತರ ಬೋಧನೆಯನ್ನೂ, ಬೀಳುವ ನಗರದಲ್ಲಿ ಈ ಲೋಕವನ್ನೂ ಕಂಡರು. ಅವರ ಓದು ನಮಗೆ ದಾರಿ ತೋರಿಸುತ್ತದೆ, ಆದರೆ ಸತ್ತ ಮಕ್ಕಳನ್ನು ಸಂಕೇತಗಳಾಗಿಸಿ ಮರೆಯುವ ಅಪಾಯವೂ ಅದರಲ್ಲಿದೆ. ಇಂಥ ಕತ್ತಲಿನ ಭಾಗಗಳನ್ನು ಬದಿಗೊತ್ತದೆ, ದೇವರು ತಮ್ಮನ್ನು ಹಂತಹಂತವಾಗಿ ಪ್ರಕಟಿಸಿದ ಇತಿಹಾಸದಲ್ಲಿಟ್ಟು, ಕ್ರಿಸ್ತರ ಬೆಳಕಿನಲ್ಲಿ ಓದಬೇಕೆಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ‘ವೆರ್ಬುಮ್ ದೋಮಿನಿ’ಯಲ್ಲಿ (2010) ಕೇಳಿಕೊಂಡಿದ್ದಾರೆ. ಆ ಬೆಳಕಿನ ಎಳೆ ಕಥನದೊಳಗೇ ಇದೆ: ನಾಶಕ್ಕೆ ಗುರಿಯಾದ ಊರಿನ ವೇಶ್ಯೆ ರಹಾಬಳು ಬದುಕುತ್ತಾಳೆ, ಮತ್ತಾಯನ ವಂಶಾವಳಿಯಲ್ಲಿ ಯೇಸುವಿನ ಪೂರ್ವಜಳಾಗುತ್ತಾಳೆ. ಯೆಹೋಶುವನ ಹೆಸರನ್ನೇ ಹೊತ್ತ ಯೇಸು ಜೆರಿಕೊವನ್ನು ಹೊಕ್ಕಾಗ ಯಾವ ಗೋಡೆಯೂ ಬೀಳುವುದಿಲ್ಲ. ಒಬ್ಬ ಸುಂಕದವನು ಮರದಿಂದ ಇಳಿದು ಬರುತ್ತಾನೆ.

ಗುರುದೀಕ್ಷೆ ಪಡೆದ ಹೊಸದರಲ್ಲಿ ನಾನೂ ಒಂದು ಪ್ರಬೋಧನೆಯಲ್ಲಿ, ಪುರಾತತ್ವವು ಜೆರಿಕೊವಿನ ಗೋಡೆಯನ್ನು ಕಂಡುಹಿಡಿದಿದೆ ಎಂದು ಹೆಮ್ಮೆಯಿಂದ ಸಾರಿದ್ದೆ. ಓದಿದ್ದು ಗಾರ್ಸ್ಟಾಂಗ್ ಅವರ ಸಾರಾಂಶವನ್ನು. ಪರಿಶೀಲಿಸಿದ್ದು ಏನನ್ನೂ ಅಲ್ಲ. ಕೇಳಿದವರ ಪೈಕಿ ಯಾರಾದರೂ ಮುಂದೊಂದು ದಿನ ಕೆನ್ಯನ್ ಅವರನ್ನು ಓದಿದ್ದರೆ, ಅವರು ಗೋಡೆಯ ಜೊತೆಗೆ ನಾನು ಸಾರಿದ ಶುಭಸಂದೇಶವನ್ನೂ ಸಂಶಯಿಸಿರಬಹುದು. ಆ ಹೊಣೆ ನನ್ನದು. ನಮ್ಮ ಜನರ ವಿಶ್ವಾಸಕ್ಕೆ ನಾವು ಸುಳ್ಳು ಊರುಗೋಲು ಕೊಡಬಾರದು. ಬಲಿಪೀಠದಿಂದ ಇಷ್ಟನ್ನು ಹೇಳಿದರೆ ಸಾಕು: ದಿಬ್ಬ ತನ್ನ ಕಥೆಯನ್ನು ಹೇಳಲಿ, ವಚನ ತನ್ನ ಸಾಕ್ಷ್ಯವನ್ನು ನುಡಿಯಲಿ, ಎರಡನ್ನೂ ಪ್ರಾಮಾಣಿಕವಾಗಿ ಕೇಳಿಸಿಕೊಳ್ಳುವುದು ಗುರುವಿನ ಕೆಲಸ.