ಸೆನ್ಸರ್ ಒರೆಸುವ ಕೈ

ಅಪರ್ಚರನ್ನು ಎಫ್/22ಕ್ಕೆ ಇಳಿಸಿ ಬರೀ ಆಕಾಶದ ಒಂದು ಫೋಟೊ ತೆಗೆದು ನೋಡಿ. ಅಲ್ಲಲ್ಲಿ ಮಸುಕು ಚುಕ್ಕೆಗಳು ಕಂಡರೆ ಅವು ಸಾಮಾನ್ಯವಾಗಿ ಸೆನ್ಸರಿನ ಮುಂದಿರುವ ಫಿಲ್ಟರ್ ಗಾಜಿನ ಮೇಲೆ ಕೂತ ದೂಳಿನ ನೆರಳು. ಬೇಸಿಗೆಯಲ್ಲಿ ನಾಗರಹೊಳೆಯ ಮಣ್ಣುದಾರಿಯಲ್ಲಿ ಲೆನ್ಸ್ ಬದಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2003ರ ಒಲಿಂಪಸ್ ಇ-1 ದೂಳನ್ನು ಅಲ್ಟ್ರಾಸಾನಿಕ್ ಕಂಪನದಿಂದ ಕೊಡವುವ ವ್ಯವಸ್ಥೆ ತಂದಿತು. ಈಗ ಬಹಳಷ್ಟು ಕ್ಯಾಮೆರಾಗಳಲ್ಲಿ ಅದಿದೆ. ಆದರೆ ಅಂಟಿಕೊಂಡ ಕಣ ಕೊಡವಿದರೆ ಬೀಳದು.

ರಬ್ಬರ್ ಬ್ಲೋವರ್ ಎಲ್ಲರ ಬಳಿಯೂ ಇರಲಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಲೀನಿಂಗ್ ಮೋಡ್ ಹಾಕಿ, ಕ್ಯಾಮೆರಾವನ್ನು ಬೋರಲು ಹಿಡಿದು ಗಾಳಿ ಊದಿದರೆ ಸಡಿಲ ದೂಳು ಹೋಗುತ್ತದೆ. ಬಾಯಿಂದ ಮಾತ್ರ ಊದಬೇಡಿ, ಎಂಜಲು ಸಿಡಿಯುತ್ತದೆ.

ಒದ್ದೆ ಸ್ವಾಬಿನ ಕೆಲಸವೇ ಬೇರೆ. ಬೆಂಗಳೂರಿನ ಸರ್ವಿಸ್ ಅಂಗಡಿಯೊಂದರಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಫುಲ್‌ಫ್ರೇಮ್ ಸೆನ್ಸರಿನ ಎತ್ತರಕ್ಕೆ ಸರಿಯಾಗಿ 24 ಮಿಲಿಮೀಟರ್ ಅಗಲದ ಸ್ವಾಬ್, ತುದಿಗೆ ಎರಡೇ ಹನಿ ದ್ರಾವಣ. ಈ ಅಂಚಿನಿಂದ ಆ ಅಂಚಿಗೆ ಒಂದೇ ಎಳೆತ. ಮಗ್ಗುಲು ಬದಲಿಸಿ ವಾಪಸ್ ಇನ್ನೊಂದು. ಕೈ ನಡುವೆ ನಿಲ್ಲಲಿಲ್ಲ, ಒತ್ತಲೂ ಇಲ್ಲ. ಪರೀಕ್ಷೆಯ ಫೋಟೊದಲ್ಲಿ ಮೇಲ್ಗಡೆ ಒಂದು ಚುಕ್ಕೆ ಉಳಿದಿತ್ತು. ಅಂಗಡಿಯವರು ಹೊಸ ಸ್ವಾಬ್ ಬಿಚ್ಚಿ ನೇರ ಸೆನ್ಸರಿನ ಕೆಳಭಾಗಕ್ಕೆ ಹೋದರು, ಏಕೆಂದರೆ ಬಿಂಬ ಅಲ್ಲಿ ತಲೆಕೆಳಗಾಗಿ ಬೀಳುತ್ತದೆ. ಎಂಥ ಹಿಡಿತ!

ತಾಳ್ಮೆಯಿದ್ದವರು ಇದನ್ನು ಮನೆಯಲ್ಲೂ ಕಲಿಯಬಹುದು, ಬಳಸಿದ ಸ್ವಾಬನ್ನು ಮತ್ತೆ ಮುಟ್ಟದಿದ್ದರೆ ಸಾಕು. ಎಣ್ಣೆಯ ಕಲೆಯಾದರೆ ನಾನಂತೂ ಅಂಥ ಕೈಗೇ ಒಪ್ಪಿಸುತ್ತೇನೆ, ಚೌಕಾಸಿ ಮಾಡದೆ.